ನಿಮಗಿದು ಗೊತ್ತೇ? ಬೀದಿಯಿಂದ ಮನೆಗೆ ಎಷ್ಟು ಇಲಾಖೆ ದೂರ

ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಬೀದಿಪಾಲಾದ ಮಾಜಿ ಸೈನಿಕರೊಬ್ಬರು ಸರ್ಕಾರಿ ನೆರವಿನ ಮನೆಗೆ ಕಾಲಿಡಬೇಕೆಂದರೆ ಹಿಂದೆ 76 ಹಂತ ದಾಟಬೇಕಿತ್ತು. ಹಿಡಿಯುತ್ತಿದ್ದದ್ದು 720 ದಿನ. 2022ರ ಹೊತ್ತಿಗೆ ಅದು 32 ದಿನಕ್ಕೆ ಇಳಿದಿತ್ತು.

ಹೇಗೆ? ಪಾಲಿಕೆ, ಕೌಂಟಿ, ವಸತಿ ಪ್ರಾಧಿಕಾರ, ಸೇವಾ ಸಂಸ್ಥೆಗಳು ಎಂದು ನೂರರಷ್ಟು ಕಚೇರಿಗಳು ತಮ್ಮ ತಮ್ಮ ಪಟ್ಟಿಗಳನ್ನು ಬದಿಗಿಟ್ಟು ಎಲ್ಲರಿಗೂ ಸೇರಿದ ಒಂದೇ ಪಟ್ಟಿ ಹಿಡಿದವು. ಒಂದು ದಶಕದಲ್ಲಿ 25,000ಕ್ಕೂ ಹೆಚ್ಚು ಜನ ಬೀದಿಯಿಂದ ನೇರವಾಗಿ ಮನೆ ಸೇರಿದರು. ಅವರಲ್ಲಿ ಬಹುಪಾಲು ಜನ ಎರಡು ವರ್ಷ ಕಳೆದ ಮೇಲೂ ಸೂರಿನಡಿಯೇ ಇದ್ದರು. 2011ರಿಂದ ಲೆಕ್ಕ ಹಿಡಿದರೆ ವಸತಿರಹಿತರ ಸಂಖ್ಯೆ ಶೇ 63ರಷ್ಟು ಕುಸಿದಿತ್ತು. ಈ ಅಂಕಣದಲ್ಲಿ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಅಲ್ಲಿ ಮೊದಲು ಕಡಿಮೆಯಾದದ್ದು ಅಲೆಯಬೇಕಾದ ಟೇಬಲ್ಲುಗಳು, ಆಮೇಲೆ ಬೀದಿಯಲ್ಲಿ ಮಲಗುವವರು.

ಅಮೆರಿಕದ ಮೊದಲ ದೊಡ್ಡ ವಸತಿರಹಿತರ ನೆರವು ಕಾಯ್ದೆ ಬಂದದ್ದು 1987ರಲ್ಲಿ. ಅದಕ್ಕೆ ಸಂಸದ ಸ್ಟುವರ್ಟ್ ಮೆಕಿನಿ ಅವರ ಹೆಸರಿದೆ. ಆ ವರ್ಷದ ಮಾರ್ಚ್ ಚಳಿಯಲ್ಲಿ, ವಾಷಿಂಗ್ಟನ್ನಿನ ಬೀದಿಯಲ್ಲಿ ವಸತಿರಹಿತರ ಪರವಾಗಿ ಒಂದು ರಾತ್ರಿ ಮಲಗಿದವರಲ್ಲಿ ಅವರೂ ಒಬ್ಬರು. ಮೇ ತಿಂಗಳಲ್ಲಿ ತೀರಿಕೊಂಡರು. ಜುಲೈನಲ್ಲಿ ರೊನಾಲ್ಡ್ ರೇಗನ್ ಕಾಯ್ದೆಗೆ ಸಹಿ ಹಾಕಿದರು.

ವಸತಿ, ಆರೋಗ್ಯ, ಕಾರ್ಮಿಕ, ಶಿಕ್ಷಣ, ಕೃಷಿ ಇಲಾಖೆಗಳೆಲ್ಲ ಒಂದೆಡೆ ಕೂತು ಮಾತಾಡಲೆಂದು ಅದೇ ಕಾಯ್ದೆ ಒಂದು ಅಂತರ-ಇಲಾಖಾ ಮಂಡಳಿಯನ್ನೂ ಹುಟ್ಟುಹಾಕಿತು. ಬರಬರುತ್ತಾ ಅದರಲ್ಲಿ 19 ಕೇಂದ್ರ ಇಲಾಖೆ, ಸಂಸ್ಥೆಗಳು ಸದಸ್ಯರಾದವು. ಆದರೂ ಇಡೀ ದೇಶಕ್ಕೆ ಅನ್ವಯಿಸುವ ಮೊದಲ ಸಮಗ್ರ ಯೋಜನೆ ಹೊರಬಿದ್ದದ್ದು 2010ರಲ್ಲಿ, ಇಪ್ಪತ್ಮೂರು ವರ್ಷ ಕಳೆದ ಮೇಲೆ. 2025ರ ಮಾರ್ಚ್‌ನಲ್ಲಿ ಅಧ್ಯಕ್ಷರ ಒಂದು ಆದೇಶ ಆ ಮಂಡಳಿಯನ್ನು ಕನಿಷ್ಠಕ್ಕೆ ಇಳಿಸಲು ಹೇಳಿತು. ಮುಂದಿನ ತಿಂಗಳು ಸಿಬ್ಬಂದಿಯನ್ನು ರಜೆಯ ಮೇಲೆ ಕಳಿಸಲಾಯಿತು. ಕಟ್ಟಲು ದಶಕಗಳು, ಖಾಲಿ ಮಾಡಲು ಕೆಲವೇ ವಾರಗಳು.

2024ರ ಜನವರಿಯ ಒಂದು ರಾತ್ರಿ ನಡೆದ ಎಣಿಕೆಯಲ್ಲಿ ಅಮೆರಿಕದ ವಸತಿರಹಿತರ ಸಂಖ್ಯೆ 7,71,480. ಅದುವರೆಗಿನ ದಾಖಲೆ. ಆದರೆ ಅದೇ ಎಣಿಕೆಯಲ್ಲಿ ಒಂದು ಗುಂಪಿನ ಸಂಖ್ಯೆ ಇಳಿದಿತ್ತು: ಮಾಜಿ ಸೈನಿಕರದು. 2010ರಲ್ಲಿ ಸುಮಾರು 74,000 ಇದ್ದವರು 2024ರಲ್ಲಿ 33,000ಕ್ಕಿಂತ ಕೆಳಗೆ ಬಂದಿದ್ದರು. ಅವರ ವಿಷಯದಲ್ಲಿ ವಸತಿ ಇಲಾಖೆ ಬಾಡಿಗೆಯ ಚೀಟಿ ಕೊಡುತ್ತದೆ. ಮಾಜಿ ಸೈನಿಕರ ಇಲಾಖೆ ವೈದ್ಯರನ್ನೂ ಜೊತೆಗಿದ್ದು ನೋಡಿಕೊಳ್ಳುವ ಕಾರ್ಯಕರ್ತರನ್ನೂ ಕೊಡುತ್ತದೆ. ಬರೀ ಬಾಡಿಗೆ ಕಟ್ಟಿದರೆ ಕಾಯಿಲೆ ಮನೆ ಬಿಡಿಸುತ್ತದೆ, ಬರೀ ಮದ್ದು ಕೊಟ್ಟರೆ ಅದನ್ನು ಇಟ್ಟುಕೊಳ್ಳಲೊಂದು ಗೂಡಿರುವುದಿಲ್ಲ. ಎರಡೂ ಒಟ್ಟಿಗೆ ಬಂದದ್ದಕ್ಕೆ ಈ ಇಳಿಕೆ ಎಂದೇ ನನ್ನ ನಂಬಿಕೆ.

ಮನೆ ಕಳೆದುಕೊಂಡ ಕುಟುಂಬದ ಮಗು ದಾಖಲೆಪತ್ರ ಇಲ್ಲದಿದ್ದರೂ ತಕ್ಷಣ ಶಾಲೆ ಸೇರಬಹುದು ಎನ್ನುತ್ತದೆ ಅಮೆರಿಕದ ಕಾನೂನು. ಮೊದಲಿದ್ದ ಶಾಲೆಯಲ್ಲೇ ಮುಂದುವರಿಯುವ ಹಕ್ಕೂ ಇದೆ. ಪ್ರತಿ ಶಾಲಾ ಜಿಲ್ಲೆಯಲ್ಲಿ ಇದಕ್ಕೆಂದೇ ಒಬ್ಬರು ಸಂಪರ್ಕಾಧಿಕಾರಿ ಇರಲೇಬೇಕು.

ಬ್ರಿಟನ್ 1999ರಲ್ಲಿ ಬೀದಿಯಲ್ಲಿ ಮಲಗುವವರಿಗಾಗಿಯೇ ಒಂದು ಘಟಕ ಸ್ಥಾಪಿಸಿ ಲೂಯಿಸ್ ಕೇಸಿ ಎಂಬಾಕೆಯ ಕೈಗೆ ಕೊಟ್ಟಿತು. ಅಂಥವರ ಸಂಖ್ಯೆಯನ್ನು ಮೂರರಲ್ಲಿ ಎರಡು ಪಾಲು ಇಳಿಸಬೇಕೆಂಬುದು ಗುರಿ, 2002ರ ಏಪ್ರಿಲ್ ಗಡುವು. ಗಡುವಿಗೆ ಮೊದಲೇ, 2001ರಲ್ಲೇ, ಗುರಿ ಮುಟ್ಟಿತು.

ಇಂಗ್ಲೆಂಡಿನಲ್ಲಿ 2018ರ ಅಕ್ಟೋಬರ್‌ನಿಂದ ಜೈಲು, ಉದ್ಯೋಗ ಕೇಂದ್ರ, ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಗಳಿಗೆ ಒಂದು ಹೊಣೆ ಬಿದ್ದಿದೆ. ತಮ್ಮಲ್ಲಿಗೆ ಬಂದವರು ಮನೆ ಕಳೆದುಕೊಂಡಿದ್ದಾರೆ, ಅಥವಾ ಕಳೆದುಕೊಳ್ಳಲಿದ್ದಾರೆ ಎನಿಸಿದರೆ, ಅವರ ಒಪ್ಪಿಗೆ ಪಡೆದು ಸ್ಥಳೀಯ ವಸತಿ ಕಚೇರಿಗೆ ತಿಳಿಸಲೇಬೇಕು. ಜೈಲಿನಿಂದ ಬಿಡುಗಡೆಯಾದವರೂ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದವರೂ ನೇರ ಬೀದಿಗೆ ಬೀಳುವುದು ಹೊಸ ಸಂಗತಿಯಲ್ಲ. ತಿಳಿಸುವುದನ್ನು ಕಾನೂನಿನ ಕರ್ತವ್ಯ ಮಾಡಿದ್ದು ಹೊಸದು.

ಫಿನ್ಲೆಂಡಿನ ಹೆಸರು ಈ ವಿಷಯದಲ್ಲಿ ಎಲ್ಲರ ಬಾಯಲ್ಲೂ ಬರುತ್ತದೆ. ಹೆಲ್ಸಿಂಕಿಯ ಒಂದು ಹಳೆಯ ತಂಗುದಾಣದಲ್ಲಿ 250 ಹಾಸಿಗೆಗಳಿದ್ದವು. ಅದನ್ನು ಒಡೆದು ಬೀಗ, ಬಾಗಿಲು, ಅಡುಗೆಮನೆ ಇರುವ 80 ಪುಟ್ಟ ಮನೆಗಳನ್ನಾಗಿ ಮಾಡಿದರು. 2008ರ ಕಾರ್ಯಕ್ರಮದಲ್ಲಿ ಕೇಂದ್ರ ಸರ್ಕಾರ ದೊಡ್ಡ ನಗರಗಳೊಂದಿಗೆ ಒಂದೊಂದಾಗಿ ಒಪ್ಪಂದ ಮಾಡಿಕೊಂಡಿತು, ಯಾರು ಎಷ್ಟು ಮನೆ ಕೊಡಬೇಕೆಂದು ಬರೆದುಕೊಂಡೇ. ಬಳಿಕ ಹಲವು ವರ್ಷ ವಸತಿರಹಿತರ ಸಂಖ್ಯೆ ಇಳಿಯುತ್ತಾ ಬಂತು. 2024ರಲ್ಲಿ ಮತ್ತೆ ಏರಿತು. ಅದೇ ವರ್ಷ ಅಲ್ಲಿ ವಸತಿ ಭತ್ಯೆಗೆ ಕತ್ತರಿ ಬಿದ್ದಿತ್ತು. ಒಂದು ಇಲಾಖೆ ಕಟ್ಟುತ್ತಿದ್ದಾಗ ಇನ್ನೊಂದರ ಬಜೆಟ್ ಏನು ಮಾಡುತ್ತಿದೆ ಎಂದು ನೋಡುವವರು ಬೇಕು.

ಜಪಾನಿನಲ್ಲಿ 2003ರಲ್ಲಿ 25,000ಕ್ಕೂ ಹೆಚ್ಚಿದ್ದ ವಸತಿರಹಿತರು 2024ರಲ್ಲಿ 3,000ಕ್ಕಿಂತ ಕಡಿಮೆ. ಆದರೆ ಎಣಿಸುವುದು ಉದ್ಯಾನ, ನದಿದಂಡೆ, ರಸ್ತೆ, ನಿಲ್ದಾಣಗಳಲ್ಲಿ ಕಣ್ಣಿಗೆ ಕಂಡವರನ್ನು ಮಾತ್ರ. ಇಂಟರ್‌ನೆಟ್ ಕೆಫೆಯ ಕುರ್ಚಿಯಲ್ಲಿ ರಾತ್ರಿ ಕಳೆಯುವವರು ಲೆಕ್ಕಕ್ಕಿಲ್ಲ.

ಇನ್ನು ನಮ್ಮ ಕಡೆಗೆ ಬರೋಣ.

2011ರ ಜನಗಣತಿಯಲ್ಲಿ ಭಾರತದ ವಸತಿರಹಿತರು 17.7 ಲಕ್ಷ. ಅವರಲ್ಲಿ 9.4 ಲಕ್ಷ ಜನ ನಗರಗಳಲ್ಲಿ. ರಸ್ತೆ ಬದಿ, ಫ್ಲೈಓವರ್ ಕೆಳಗೆ, ಮೆಟ್ಟಿಲ ಕೆಳಗೆ, ದೇವಸ್ಥಾನದ ಅಂಗಳ, ರೈಲ್ವೆ ಪ್ಲಾಟ್‌ಫಾರ್ಮ್, ದೊಡ್ಡ ಸಿಮೆಂಟ್ ಪೈಪಿನೊಳಗೆ ಎಂದು ಜನಗಣತಿಯ ವ್ಯಾಖ್ಯೆಯೇ ಜಾಗಗಳನ್ನು ಹೆಸರಿಸುತ್ತದೆ. ಪೈಪಿನೊಳಗೆ ಬದುಕುವವರಿದ್ದಾರೆ ಎಂಬುದು ಸರ್ಕಾರಕ್ಕೆ ಗೊತ್ತಿದ್ದ ಸಂಗತಿ.

2009ರ ಡಿಸೆಂಬರ್‌ನಲ್ಲಿ, ಕೊರೆಯುವ ಚಳಿಯಲ್ಲಿ, ದೆಹಲಿಯ ಪೂಸಾ ರಸ್ತೆಯ ಒಂದು ತಾತ್ಕಾಲಿಕ ರಾತ್ರಿ ತಂಗುದಾಣವನ್ನು ಕೆಡವಲಾಯಿತು. ಸುಪ್ರೀಂ ಕೋರ್ಟಿನ ಆಹಾರ ಹಕ್ಕು ಪ್ರಕರಣದ ಆಯುಕ್ತರಾಗಿದ್ದ ಎನ್.ಸಿ. ಸಕ್ಸೇನಾ ಮತ್ತು ಅವರ ಜೊತೆಗಿದ್ದ ಹರ್ಷ್ ಮಂದರ್ ನ್ಯಾಯಾಲಯದ ಗಮನ ಸೆಳೆದರು. ಅನ್ನದ ಮೊಕದ್ದಮೆಯಲ್ಲಿ ಸೂರಿನ ಮಾತು ಬಂದದ್ದು ಹೀಗೆ. 2010ರಲ್ಲಿ ಕೋರ್ಟು ದೊಡ್ಡ ನಗರಗಳಿಗೆಲ್ಲ ಅನ್ವಯಿಸುವಂತೆ ಹೇಳಿತು: ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ. ಚಳಿಗಾಲಕ್ಕಷ್ಟೇ ಸಾಲದು, ವರ್ಷದ ಅಷ್ಟೂ ದಿನ, ದಿನದ 24 ಗಂಟೆಯೂ ತೆರೆದಿರಬೇಕು. ದೆಹಲಿಗೆ ನಗರ ಆಶ್ರಯ ಸುಧಾರಣಾ ಮಂಡಳಿ ಬಂದದ್ದೂ ಅದೇ 2010ರಲ್ಲಿ.

ಕೇಂದ್ರದ ನಗರ ಜೀವನೋಪಾಯ ಅಭಿಯಾನದಡಿ 2013ರಲ್ಲಿ ರೂಪುಗೊಂಡ ಆಶ್ರಯ ಯೋಜನೆಯ ಮಾರ್ಗಸೂಚಿಯನ್ನು ಓದಿದರೆ ಹೊಟ್ಟೆಗೆ ತಂಪಾಗುತ್ತದೆ. ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗ. ಕೇಂದ್ರ ಇರಬೇಕಾದದ್ದು ವಸತಿರಹಿತರು ಹೆಚ್ಚಾಗಿರುವ, ಅವರ ಕೆಲಸಕ್ಕೆ ಹತ್ತಿರದ ಜಾಗದಲ್ಲಿ, ಎಂದರೆ ರೈಲು ನಿಲ್ದಾಣ, ಬಸ್ ನಿಲ್ದಾಣ, ಮಾರುಕಟ್ಟೆಗಳ ಸುತ್ತಮುತ್ತ. ಇದು ಅರ್ಥವಿರುವ ನಿಯಮ. ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಮೂಟೆ ಇಳಿಸುವ ಕೆಲಸ ಸಿಗುವವರಿಗೆ ಊರಾಚೆ ಮಂಚ ಕೊಟ್ಟು ಏನು ಪ್ರಯೋಜನ? ಇನ್ನೂ ಮುಂದೆ ಹೋಗಿ ಅದೇ ಮಾರ್ಗಸೂಚಿ ಗುರುತಿನ ಚೀಟಿ, ಪಡಿತರ ಚೀಟಿ, ಪಿಂಚಣಿ, ಬ್ಯಾಂಕ್ ಖಾತೆ, ಮಕ್ಕಳಿಗೆ ಅಂಗನವಾಡಿ, ಶಾಲೆ, ಉಚಿತ ಕಾನೂನು ನೆರವು ಎಲ್ಲವೂ ಅಲ್ಲಿಂದಲೇ ಸಿಗುವಂತಿರಬೇಕು ಎನ್ನುತ್ತದೆ. ಎಣಿಸಿ ನೋಡಿ, ಎಷ್ಟು ಇಲಾಖೆಗಳಾದವು! ಮಂಚ ಹಾಕುವುದು ಪಾಲಿಕೆಯೊಂದರಿಂದ ಆಗುವ ಕೆಲಸ. ಉಳಿದದ್ದಕ್ಕೆ ಆಹಾರ, ಕಂದಾಯ, ಮಹಿಳಾ ಮತ್ತು ಮಕ್ಕಳ ಇಲಾಖೆಗಳು ಆ ಮಂಚದವರೆಗೆ ನಡೆದು ಬರಬೇಕು.

ಆಶ್ರಯ ಕೇಂದ್ರಗಳ ಕಡತ ದೆಹಲಿಯಲ್ಲಿ ನಗರ ವ್ಯವಹಾರಗಳ ಸಚಿವಾಲಯದಲ್ಲಿದ್ದರೆ, ಭಿಕ್ಷೆ ಬೇಡುವವರ ಪುನರ್ವಸತಿಗೆ 2022ರಲ್ಲಿ ಬಂದ ‘ಸ್ಮೈಲ್’ ಯೋಜನೆ ಸಾಮಾಜಿಕ ನ್ಯಾಯ ಸಚಿವಾಲಯದ್ದು. ಹಗಲು ಸಿಗ್ನಲ್‌ನಲ್ಲಿ ಕೈಚಾಚುವ ಅಜ್ಜಿ ಒಂದು ಸಚಿವಾಲಯಕ್ಕೆ ಸೇರಿದವರು. ರಾತ್ರಿ ಬಸ್ ನಿಲ್ದಾಣದಲ್ಲಿ ಮಲಗಿದಾಗ ಅವರೇ ಇನ್ನೊಂದಕ್ಕೆ.

ಬೆಂಗಳೂರಿನಲ್ಲಿ ಮನೆಯಿದ್ದವರು ತಮ್ಮ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. ತೆರಿಗೆಯ ಮೊತ್ತದ ಮೇಲೆ ಉಪಕರಗಳಿರುತ್ತವೆ. ಅವುಗಳಲ್ಲಿ ಒಂದು, ತೆರಿಗೆಯ ಶೇ 3ರಷ್ಟಿರುವ ಭಿಕ್ಷುಕರ ಉಪಕರ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ ಬಂದದ್ದಿದು. ಹಣ ಸಂಗ್ರಹಿಸುವುದು ಪಾಲಿಕೆ. ಖರ್ಚು ಮಾಡಬೇಕಾದದ್ದು ಸಮಾಜ ಕಲ್ಯಾಣ ಇಲಾಖೆಯಡಿಯ ಕೇಂದ್ರ ಪರಿಹಾರ ಸಮಿತಿ. ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರ ನಡೆಯುವುದು ಇದರಿಂದಲೇ. ಅದೇ ಪಾಲಿಕೆ ವಸತಿರಹಿತರಿಗೆ ಪ್ರತ್ಯೇಕ ರಾತ್ರಿ ಆಶ್ರಯವನ್ನೂ ನಡೆಸಬೇಕು. ದುಡ್ಡು ಕೊಡುವವರು ನಾವು. ಆದ್ದರಿಂದ ಅದು ಎಲ್ಲಿ ತಲುಪಿತು ಎಂದು ವಾರ್ಡ್ ಸಭೆಯಲ್ಲಿ ಎದ್ದುನಿಂತು ಕೇಳುವ ಹಕ್ಕೂ ನಮಗಿದೆ.

ಮನೆಯಿಲ್ಲದವರೂ ಮತದಾರರಾಗಬಹುದು. ವಿಳಾಸದ ಪುರಾವೆ ಬೇಕಿಲ್ಲ. ಅರ್ಜಿಯಲ್ಲಿ ಬರೆದ ಜಾಗಕ್ಕೆ ಮತಗಟ್ಟೆ ಮಟ್ಟದ ಅಧಿಕಾರಿ ರಾತ್ರಿ ಹೋಗಿ, ಅವರು ನಿಜವಾಗಿ ಅಲ್ಲೇ ಮಲಗುತ್ತಾರೆಯೇ ಎಂದು ನೋಡಬೇಕು. ಒಂದಕ್ಕಿಂತ ಹೆಚ್ಚು ರಾತ್ರಿ ನೋಡಬೇಕು. ಚುನಾವಣಾ ಆಯೋಗದ ಈ ನಿಯಮ ನನಗೆ ಬಹಳ ಇಷ್ಟ. ಕಾಗದ ತನ್ನಿ ಎನ್ನದೆ ಸರ್ಕಾರವೇ ಜನರಿದ್ದಲ್ಲಿಗೆ ಹೋಗುವ ಅಪರೂಪದ ಸಂದರ್ಭವಿದು. ಪಡಿತರ ಚೀಟಿಗೂ ಪಿಂಚಣಿಗೂ ಇದೇ ದಾರಿ ಹಿಡಿಯಲು ಏನಡ್ಡಿ?

2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿರ್ಗತಿಕರಿಗೂ ವಸತಿರಹಿತರಿಗೂ ಮಾನಸಿಕ ಚಿಕಿತ್ಸೆ ಉಚಿತ. ಬಿಪಿಎಲ್ ಕಾರ್ಡ್ ತೋರಿಸಬೇಕಿಲ್ಲ. ಮಾನಸಿಕ ಕಾಯಿಲೆಯಿಂದ ಬಳಲುತ್ತಾ ಬೀದಿಯಲ್ಲಿ ಅಲೆಯುತ್ತಿರುವವರು ತಮ್ಮನ್ನು ತಾವು ನೋಡಿಕೊಳ್ಳಲಾರರು ಎಂದು ಕಂಡರೆ, ಠಾಣಾಧಿಕಾರಿ ಅವರಿಗೆ ರಕ್ಷಣೆ ಕೊಟ್ಟು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಠಾಣೆಯ ಲಾಕಪ್ಪಿನಲ್ಲಾಗಲೀ ಜೈಲಿನಲ್ಲಾಗಲೀ ಇಡುವಂತಿಲ್ಲ. ಕಾಣೆಯಾದವರ ಪ್ರಕರಣ ದಾಖಲಿಸಿ, ಮನೆಯವರನ್ನು ಹುಡುಕುವುದೂ ಠಾಣಾಧಿಕಾರಿಯದೇ ಹೊಣೆ. ನಿಮ್ಮ ಬೀದಿಯಲ್ಲಿ ಅಂಥವರು ಕಂಡರೆ ಠಾಣೆಗೆ ಹೋಗಿ ಈ ಕಾಯ್ದೆಯ 100ನೇ ಸೆಕ್ಷನ್ ಎಂದು ಹೆಸರಿಸಿಯೇ ಕೇಳಿ.