ಎಮ್ಮೆ ಕಲಕಿದ ನೀರು

ದೂರದಲ್ಲಿ ನೀರು ಕಾಣುತ್ತದೆ. ಬಾಯಾರಿದವನು ಅತ್ತ ನಡೆದು, ಬೊಗಸೆಯಲ್ಲಿ ತುಂಬಿಕೊಂಡು ಕುಡಿಯುತ್ತಾನೆ. ದಾಹ ಹಿಂಗುತ್ತದೆ. ಅಲ್ಲಿಗೆ ಅವನು ದೂರದಿಂದ ಕಂಡದ್ದು ನೀರೇ, ಬಿಸಿಲ್ಗುದುರೆ ಅಲ್ಲ ಎಂದು ಸಾಬೀತಾಯಿತು ತಾನೆ?

ಇಲ್ಲ ಎನ್ನುತ್ತಾನೆ ಜಯರಾಶಿ ಭಟ್ಟ. ನೀನು ನಡೆದು ಬರುವಷ್ಟರಲ್ಲಿ ಮೀನು ಹೊರಳಿರಬಹುದು, ಎಮ್ಮೆ ಮಗ್ಗುಲು ಬದಲಿಸಿರಬಹುದು. ಆ ಪೆಟ್ಟಿಗೆ ನೀರಿನ ಭಾಗಗಳು ಕದಲಿ, ನೀನು ಕಂಡ ನೀರು ಇಲ್ಲವಾಗಿರಬಹುದು. ಬೊಗಸೆಗೆ ಸಿಕ್ಕಿದ್ದು ಬೇರೆ ನೀರು. ಬೇರೆ ನೀರು ಸಿಕ್ಕಿತೆಂದು ಮೊದಲು ಕಂಡ ನೀರು ನಿಜವಾಗುವುದು ಹೇಗೆ?

ಎಂಟು–ಒಂಬತ್ತನೆಯ ಶತಮಾನದ ಪಂಡಿತನೊಬ್ಬ ಜ್ಞಾನದ ಬುಡವನ್ನೇ ಅಲುಗಿಸಲು ಎಮ್ಮೆಯನ್ನು ಕರೆತರುತ್ತಾನೆಂದು ಯಾರು ಎಣಿಸಿಯಾರು? ಈ ಸಾಲುಗಳನ್ನು ನನಗೆ ಬಿಡಿಸಿ ಹೇಳಿದವರು ಮೈಸೂರಿನ ಅಗ್ರಹಾರದ ಒಬ್ಬ ಹಿರಿಯ ಮೇಷ್ಟ್ರು. ಪಾಠಶಾಲೆಯಲ್ಲಿ ಜೀವಮಾನವೆಲ್ಲ ನ್ಯಾಯಶಾಸ್ತ್ರ ಹೇಳಿದವರು. ಮೂರು ಹೊತ್ತು ಸಂಧ್ಯಾವಂದನೆ ತಪ್ಪಿಸದವರು. ಗ್ರಂಥಾಲಯವೊಂದರಿಂದ ಜಯರಾಶಿಯ ‘ತತ್ತ್ವೋಪಪ್ಲವಸಿಂಹ’ದ ಜೆರಾಕ್ಸ್ ಮಾಡಿಸಿಕೊಂಡು ಹೋಗಿದ್ದೆ. ಹೆಸರು ಕೇಳಿದ ಕೂಡಲೇ ಅವರು ಅಡಕತ್ತರಿ ಬದಿಗಿಟ್ಟು ಕೈ ಒರೆಸಿಕೊಂಡರು. “ಕೊಡಮ್ಮ ಇಲ್ಲಿ. ನಮ್ಮನ್ನ ಬಡಿದವನು ಇವನು” ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ; ಬಹಳ ದಿನದ ಮೇಲೆ ನೆಂಟರು ಬಂದಾಗಿನ ಸಡಗರವಿತ್ತು.

ಅವರು ಓದುವ ಬಗೆ ನೋಡಬೇಕು. ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಒಂದು ವಾಕ್ಯ ಓದುವುದು, ಹಾಳೆಯನ್ನು ತೊಡೆಯ ಮೇಲೆ ಮಗುಚಿಡುವುದು, ಕಣ್ಣು ಮುಚ್ಚಿ ಅದೇ ವಾಕ್ಯವನ್ನು ಬಾಯಲ್ಲಿ ಹೇಳಿಕೊಳ್ಳುವುದು, ಆಮೇಲೆ ಬಿಡಿಸುವುದು. ಎಮ್ಮೆಯ ಸಾಲಿಗೆ ಬಂದಾಗ ಹಾಗೇ ಹೇಳಿಕೊಂಡು, ಕಣ್ಣು ತೆರೆದು ಗಟ್ಟಿಯಾಗಿ ನಕ್ಕುಬಿಟ್ಟರು.

“ನೋಡಮ್ಮ, ಇವನು ಮೋಸ ಮಾಡ್ತಿಲ್ಲ. ಅವಯವಗಳು ಕದಲಿದರೆ ಅವುಗಳ ಸಂಯೋಗ ಹೋಗುತ್ತೆ, ಸಂಯೋಗ ಹೋದರೆ ಅವಯವಿ, ಅಂದರೆ ಇಡೀ ವಸ್ತು, ನಾಶ ಆಗುತ್ತೆ ಅಂತ ಹೇಳಿದವರು ಯಾರು? ನಾವೇ. ನೈಯಾಯಿಕರೇ. ನಮ್ಮ ಮಾತನ್ನ ನಮ್ಮ ಕೆರೆಗೇ ಇಳಿಸಿದಾನೆ.”

ಬಿಡಿ ಹಾಸ್ಯವೆಂದು ನಾನು ತಿಳಿದದ್ದು ಹಾಸ್ಯವಾಗಿರಲಿಲ್ಲ. ಮೀನು, ಎಮ್ಮೆ ಎರಡೂ ಲೆಕ್ಕ ಹಾಕಿಯೇ ಬಂದಿದ್ದವು. ಮೇಷ್ಟ್ರು ಹಿಂದಕ್ಕೆ ಹೋಗಿ ಇಡೀ ವಾದವನ್ನು ಕಟ್ಟಿಕೊಟ್ಟರು. ಇಂದ್ರಿಯಕ್ಕೂ ವಸ್ತುವಿಗೂ ಸಂಬಂಧ ಒದಗಿದಾಗ ಹುಟ್ಟುವ, ತಪ್ಪಿಲ್ಲದ ಅರಿವೇ ಪ್ರತ್ಯಕ್ಷ ಎಂಬುದು ನ್ಯಾಯಸೂತ್ರದ ಲಕ್ಷಣ. ಜಯರಾಶಿ ಕೈಯಿಡುವುದು ‘ತಪ್ಪಿಲ್ಲದ’ ಎಂಬಲ್ಲಿ. ತಪ್ಪಿಲ್ಲವೆಂದು ನಿನಗೆ ಹೇಗೆ ಗೊತ್ತು? ಕಣ್ಣಿನಲ್ಲಿ ದೋಷವಿಲ್ಲ, ಅದಕ್ಕೇ ಗೊತ್ತು ಎನ್ನುತ್ತೀಯಾ? ಕಣ್ಣಿನ ದೋಷವಾಗಲಿ ನಿರ್ದೋಷವಾಗಲಿ ಕಣ್ಣಿಗೆ ಕಾಣುವಂಥದ್ದಲ್ಲ. ಈ ಅರಿವನ್ನು ಅಲ್ಲಗಳೆಯುವ ಇನ್ನೊಂದು ಅರಿವು ಬರಲಿಲ್ಲ, ಅದಕ್ಕೆ ಗೊತ್ತು ಎನ್ನುತ್ತೀಯಾ? ಬಿಸಿಲ್ಗುದುರೆಯನ್ನು ನೀರೆಂದು ಕಂಡವನು ಹತ್ತಿರ ಹೋಗದೆ ಬೇರೆ ಊರಿಗೆ ಹೊರಟುಹೋದರೆ? ಸತ್ತೇ ಹೋದರೆ? ಅವನ ತಪ್ಪು ಕೊನೆಯವರೆಗೂ ತಿದ್ದಲ್ಪಡುವುದಿಲ್ಲ. ಹಾಗೆಂದು ಅದು ಸರಿಯಾದೀತೆ? ಇನ್ನು ಉಳಿದದ್ದು ಒಂದೇ ದಾರಿ: ನಂಬಿ ನಡೆದೆ, ನೀರು ಸಿಕ್ಕಿತು ಎನ್ನುವುದು. ಆ ದಾರಿಯ ತುದಿಯಲ್ಲಿ ಎಮ್ಮೆ ಮಲಗಿದೆ. ಅದನ್ನು ದಾಟಿ ಬಂದರೂ, ‘ನೀರು ಸಿಕ್ಕಿತು’ ಎಂಬುದು ಇನ್ನೊಂದು ಅರಿವು. ಅದು ಸರಿಯೆಂದು ಹೇಗೆ ಗೊತ್ತು? ಅದಕ್ಕೆ ಮತ್ತೊಂದು ಬೇಕು, ಅದಕ್ಕೆ ಮಗದೊಂದು.

ಎರಡನೆಯದರಲ್ಲಿ, ಆ ಸಾಯುವವನ ಉದಾಹರಣೆಯಲ್ಲಿ, ನಾನು ಬಹಳ ಹೊತ್ತು ನಿಂತುಬಿಟ್ಟೆ. ಬದುಕಿನ ದೊಡ್ಡ ಪ್ರಶ್ನೆಗಳ ವಿಚಾರದಲ್ಲಿ ನಾವೆಲ್ಲ ಇರುವುದು ಅಲ್ಲೇ. ಸತ್ತ ಮೇಲೆ ಏನು, ಕರ್ಮಕ್ಕೆ ಫಲವುಂಟೆ, ದೇಹ ಬಿಟ್ಟು ಉಳಿಯುವ ‘ನಾನು’ ಎಂಬುದೊಂದು ಇದೆಯೆ? ಯಾವ ಉತ್ತರ ಹಿಡಿದುಕೊಂಡರೂ ಅದನ್ನು ಸುಳ್ಳುಮಾಡುವ ಅನುಭವ ಎದುರಾಗುವ ಮೊದಲೇ ಹೊರಟುಹೋಗುತ್ತೇವೆ. ಎಂಬತ್ತು ವರ್ಷ ಯಾರೂ ಅಲ್ಲಗಳೆಯಲಿಲ್ಲವೆಂಬುದು ನಂಬಿಕೆಗೆ ಪುರಾವೆಯಲ್ಲ. ಈ ಮಾತನ್ನು ಆಸ್ತಿಕರಿಗೆ ಎಷ್ಟು ಒತ್ತಿ ಹೇಳಬೇಕೋ, ಸತ್ತ ಮೇಲೆ ಏನೂ ಇಲ್ಲವೆಂದು ಗಂಟಲೆತ್ತಿ ಹೇಳುವ ನನ್ನಂಥವರಿಗೂ ಅಷ್ಟೇ ಒತ್ತಿ ಹೇಳಬೇಕು.

ಜಯರಾಶಿಯನ್ನು ಸೇರಿಸುವುದು ಚಾರ್ವಾಕರ ಸಾಲಿಗೆ. ಚಾರ್ವಾಕರೆಂದರೆ ನಮ್ಮ ಓದುಗರಿಗೆ ನೆನಪಾಗುವುದು ಸಾಲ ಮಾಡಿಯಾದರೂ ತುಪ್ಪ ಕುಡಿ ಎಂಬ ಶ್ಲೋಕ. ಆ ಶ್ಲೋಕವನ್ನು ಮನೆಮಾತಾಗಿಸಿದ್ದು ವಿಜಯನಗರ ಕಾಲದ ಮಾಧವನ ‘ಸರ್ವದರ್ಶನಸಂಗ್ರಹ’. ಆ ಶ್ಲೋಕದ ಹಳೆಯ ಪಾಠಗಳಲ್ಲಿ ಸಾಲವೂ ಇಲ್ಲ, ತುಪ್ಪವೂ ಇಲ್ಲ. ಸಾವಿನ ಕೈಗೆ ಸಿಗದವರು ಯಾರೂ ಇಲ್ಲವೆಂಬ ಮಾತಿದೆ. ಅದು ಗೇಲಿಗಾಗಿ ಆಮೇಲೆ ಬದಲಾದದ್ದು ಎಂದು ರಾಮಕೃಷ್ಣ ಭಟ್ಟಾಚಾರ್ಯರಂಥ ವಿದ್ವಾಂಸರು ವಾದಿಸಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ. ಚಾರ್ವಾಕರ ಮೂಲಗ್ರಂಥಗಳು ಕಳೆದುಹೋದವು. ಅವರ ಮಾತು ನಮಗೆ ದಕ್ಕಿರುವುದು ಬಹುಪಾಲು ಅವರನ್ನು ಖಂಡಿಸಿದವರ ಬಾಯಿಂದ. ಅದಕ್ಕೇ ಜಯರಾಶಿಯ ಪುಸ್ತಕ ಸಿಕ್ಕಿದ್ದು ಅಷ್ಟು ದೊಡ್ಡ ಸಂಗತಿ.

ಅದು ಸಿಕ್ಕ ಕಥೆಯೂ ಪುಸ್ತಕದಷ್ಟೇ ವಿಚಿತ್ರ. ಗುಜರಾತಿನ ಪಾಟಣದ ಜೈನ ಭಂಡಾರದಲ್ಲಿ 1926ರಲ್ಲಿ ಅದರ ತಾಳೆಗರಿ ಪ್ರತಿ ಕಣ್ಣಿಗೆ ಬಿತ್ತು. ಹದಿಮೂರನೆಯ ಶತಮಾನದ ಕೊನೆಯದೆಂದು ಎಣಿಸಲಾದ ಒಂದೇ ಒಂದು ಪ್ರತಿ. 1940ರಲ್ಲಿ ಬರೋಡದ ಗಾಯಕ್ವಾಡ್ ಪ್ರಾಚ್ಯ ಗ್ರಂಥಮಾಲೆಯಲ್ಲಿ ಅಚ್ಚಾಯಿತು. ಸಂಪಾದಕರು ಪಂಡಿತ ಸುಖಲಾಲ್ ಸಂಘವಿ ಮತ್ತು ರಸಿಕಲಾಲ್ ಪರೀಖ್. ಸುಖಲಾಲರು ಹದಿನಾರರ ಹರೆಯದಲ್ಲಿ ಸಿಡುಬಿನಿಂದ ಎರಡೂ ಕಣ್ಣು ಕಳೆದುಕೊಂಡವರು. ಕಾಶಿಗೆ, ಮಿಥಿಲೆಗೆ ಹೋಗಿ ಇನ್ನೊಬ್ಬರು ಓದಿದ್ದನ್ನು ಕೇಳಿ ಕೇಳಿ ನ್ಯಾಯಶಾಸ್ತ್ರ ಕಲಿತವರು, ಮುಂದೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜೈನ ದರ್ಶನ ಕಲಿಸಿದವರು. ಪ್ರತ್ಯಕ್ಷವನ್ನು ನಂಬಲು ಆಧಾರವೇನೆಂದು ಕೇಳುವ ಪುಸ್ತಕವನ್ನು ಕಣ್ಣಿಲ್ಲದ ವಿದ್ವಾಂಸರು ಕಿವಿಯಿಂದಲೇ ತಿದ್ದಿ ಲೋಕಕ್ಕೆ ಕೊಟ್ಟರು. ಈ ಸಂಗತಿ ತಿಳಿದ ದಿನದಿಂದ ಸುಖಲಾಲರ ಮೇಲೆ ನನಗೆ ಹುಟ್ಟಿದ ಗೌರವ ಇಷ್ಟೆಂದು ಹೇಳಲಾರೆ.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಆ ಭಂಡಾರದ ಕಡೆಗೆ. ಜಯರಾಶಿ ಆತ್ಮವನ್ನು ಸಾಧಿಸುವ ಅನುಮಾನಗಳನ್ನು, ಎಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವ ತರ್ಕಗಳನ್ನು, ಒಂದೊಂದಾಗಿ ಕೆಡವುತ್ತಾನೆ. ನೈಯಾಯಿಕರದು, ಸಾಂಖ್ಯರದು, ಮೀಮಾಂಸಕರದು, ಜೈನರದನ್ನೂ ಬಿಟ್ಟಿಲ್ಲ. ಅಂಥ ಪುಸ್ತಕವನ್ನು ಜೈನರು ತಮ್ಮ ಭಂಡಾರದಲ್ಲಿಟ್ಟು, ಶತಮಾನಗಟ್ಟಲೆ ಗೆದ್ದಲಿಗೂ ತೇವಕ್ಕೂ ಸಿಗದಂತೆ ಕಾಪಾಡಿದರು. ಯಾಕೆ? ಎದುರಾಳಿಯ ಮಾತು ಸರಿಯಾಗಿ ಗೊತ್ತಿರದೆ ತಮ್ಮ ಮಾತು ನಿಲ್ಲದೆಂಬ ತಿಳಿವಳಿಕೆಯಿಂದ. ಅದಕ್ಕೆ ಕರ್ನಾಟಕದ ಸಾಕ್ಷಿಯೇ ಇದೆ. ಗಂಗರ ನಾಡಿನವನೆಂದು ವಿದ್ವಾಂಸರು ಗುರುತಿಸುವ ದಿಗಂಬರ ಆಚಾರ್ಯ ವಿದ್ಯಾನಂದ ‘ಅಷ್ಟಸಹಸ್ರೀ’ಯಲ್ಲಿ, ತತ್ತ್ವಗಳೆಲ್ಲ ಬುಡಮೇಲೆನ್ನುವ ತತ್ತ್ವೋಪಪ್ಲವವಾದಿಯನ್ನು ಎದುರು ಕೂರಿಸಿಕೊಂಡು, ಅವನ ವಾದವನ್ನು ಮೊದಲು ಹೇಳಿಸಿ, ಆಮೇಲೆ ಉತ್ತರ ಕೊಡುತ್ತಾನೆ. ಹೀಗೆ ಮೊದಲು ಹೇಳಿಸುವ ಎದುರಾಳಿಯ ವಾದವನ್ನೇ ಪೂರ್ವಪಕ್ಷ ಎನ್ನುವುದು. ಎದುರಾಳಿಯ ಮಾತನ್ನು ಪೊಳ್ಳಾಗಿಸಿ ಹೇಳಿ ಗೆದ್ದರೆ ಆ ಗೆಲುವು ಅಲ್ಲಿ ಲೆಕ್ಕಕ್ಕಿಲ್ಲ. ಶಾಸ್ತ್ರಕಾರರೆಲ್ಲರೂ ಇದನ್ನು ಪಾಲಿಸಿದರೆಂದಲ್ಲ. ತುಪ್ಪದ ಶ್ಲೋಕವೇ ಅದಕ್ಕೆ ಉದಾಹರಣೆ.

ನಾನು ಬೆಳೆದದ್ದು ಎಚ್. ನರಸಿಂಹಯ್ಯನವರ ಪ್ರಭಾವದಲ್ಲಿ. 1976ರಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ ಕಥೆಯನ್ನು ನಮ್ಮ ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರು. ‘ಹೇಗೆ ಗೊತ್ತು?’ ಎಂದು ಧೈರ್ಯವಾಗಿ ಕೇಳುವುದನ್ನು ಕಲಿತದ್ದು ಅಲ್ಲಿಂದ. ಅದೇ ಪ್ರಶ್ನೆಯನ್ನು ನನ್ನ ಕಡೆಗೇ ತಿರುಗಿಸುವುದನ್ನು ಕಲಿಸಿದ್ದು ಜಯರಾಶಿ. ಅವನ ಗ್ರಂಥದ ಮೊದಲಲ್ಲೇ ಒಂದು ಆಕ್ಷೇಪವಿದೆ: ಎಲ್ಲ ತತ್ತ್ವಗಳೂ ಬುಡಮೇಲಾದರೆ ಮಣ್ಣು, ನೀರು, ಬೆಂಕಿ, ಗಾಳಿ ಎಂಬ ನಾಲ್ಕೇ ತತ್ತ್ವಗಳೆಂದ ನಿಮ್ಮ ಬೃಹಸ್ಪತಿಯ ಗತಿಯೇನು? ಅವನು ತನ್ನ ಗುರುವಿಗೂ ರಿಯಾಯಿತಿ ಕೊಡುವುದಿಲ್ಲ. ಬೃಹಸ್ಪತಿ ಲೋಕರೂಢಿಯನ್ನು ಹೇಳಿದ್ದಷ್ಟೇ. ವಿಚಾರಿಸಿ ನೋಡಿದರೆ ಆ ನಾಲ್ಕೂ ನಿಲ್ಲುವುದಿಲ್ಲ, ಇನ್ನು ಉಳಿದವುಗಳ ಮಾತೇನು ಎಂಬುದು ಅವನ ಉತ್ತರ. ಪುಸ್ತಕದ ಕೊನೆಗೆ, ದೇವಗುರುವಿನ ಬುದ್ಧಿಗೂ ಹೊಳೆಯದ ವಿಕಲ್ಪಗಳು ಇಲ್ಲಿವೆ ಎಂದು ಎದೆ ತಟ್ಟಿಕೊಳ್ಳುತ್ತಾನೆ. ಆ ಜಂಬ ನನಗೆ ಇಷ್ಟವಾಗುತ್ತದೆ.

ಹಾಗೆಂದು ಅವನಿಗೆ ಪೂರ್ತಿ ಶರಣಾಗಲಾರೆ. ಮೇಷ್ಟ್ರನ್ನೇ ಕೇಳಿದೆ: ಅರಿವಿಗೆ ಆಧಾರವಾದ ಎಲ್ಲ ಪ್ರಮಾಣಗಳೂ ಬಿದ್ದವು ಅಂದರೆ, ಬಿದ್ದವು ಅನ್ನುವುದಕ್ಕೆ ಇವನ ಹತ್ತಿರ ಪ್ರಮಾಣ ಏನಿದೆ?

“ಒಳ್ಳೇ ಪ್ರಶ್ನೆ. ನಮ್ಮವರೂ ಅದನ್ನೇ ಕೇಳಿದ್ದು” ಎಂದು ಅವರು ಮತ್ತೆ ಜಯರಾಶಿಯ ಪರ ನಿಂತರು. “ಅವನು ತನ್ನದು ಅಂತ ಏನನ್ನೂ ಸ್ಥಾಪಿಸ್ತಿಲ್ಲಮ್ಮ. ನಿಮ್ಮ ಲಕ್ಷಣ, ನಿಮ್ಮ ನಿಯಮ, ನಿಮ್ಮ ಎಮ್ಮೆ. ನಿಮ್ಮ ಲೆಕ್ಕದಲ್ಲೇ ನಿಮ್ಮ ಲೆಕ್ಕ ಕೂಡ್ತಿಲ್ಲ ಅಂತ ತೋರಿಸಿ ಎದ್ದು ಹೋಗ್ತಾನೆ.” ನ್ಯಾಯಶಾಸ್ತ್ರ ವಾದ, ಜಲ್ಪ, ವಿತಂಡ ಎಂದು ಮೂರು ಬಗೆ ಹೇಳುತ್ತದೆ. ತತ್ತ್ವ ತಿಳಿಯಲೆಂದು ಮಾಡುವುದು ವಾದ, ಗೆಲ್ಲಲೆಂದು ಮಾಡುವುದು ಜಲ್ಪ, ತನ್ನ ಪಕ್ಷವನ್ನು ಸ್ಥಾಪಿಸದೆ ಎದುರಿನದನ್ನು ಮಾತ್ರ ಕೆಡವುವುದು ವಿತಂಡ. ಇಡೀ ಪುಸ್ತಕ ಮೂರನೆಯ ಬಗೆಯದು.

ನನಗೆ ಇದು ಸಾಲದು. ಅನುಮಾನವನ್ನು ಅವನು ಕೆಡವುವ ಜಾಗದಲ್ಲಿ, ಎಲ್ಲ ಹೊಗೆಯನ್ನೂ ಎಲ್ಲ ಬೆಂಕಿಯನ್ನೂ ಕಂಡವರು ಯಾರೂ ಇಲ್ಲ, ಆದ್ದರಿಂದ ಹೊಗೆಯಿಂದ ಬೆಂಕಿಯನ್ನು ಊಹಿಸಲು ಆಧಾರವಿಲ್ಲ ಎಂಬ ದಿಕ್ಕಿಗೆ ವಾದ ಸಾಗುತ್ತದೆ. ಒಪ್ಪೋಣ. ಆದರೆ ಆಧಾರ ಪೂರ್ತಿಯಿಲ್ಲ ಎನ್ನುವುದಕ್ಕೂ ಆಧಾರವೇ ಇಲ್ಲ ಎನ್ನುವುದಕ್ಕೂ ದೊಡ್ಡ ಅಂತರವಿದೆ. ಮನೆಯಲ್ಲಿ ಹೊಗೆ ಕಂಡರೆ ಜಯರಾಶಿಯೂ ಎದ್ದು ಓಡುತ್ತಾನೆ. ಅವನೇ ಒಪ್ಪುವ ಹಾಗೆ, ವಿಚಾರಿಸದೆ ಬಿಟ್ಟರೆ ಲೋಕವ್ಯವಹಾರವೆಲ್ಲ ಚೆನ್ನಾಗಿಯೇ ನಡೆಯುತ್ತದೆ. ಅಲ್ಲೇ ನನ್ನ ತಕರಾರು. ವಿಚಾರಿಸಿದ ಮೇಲೂ ಕೆಲವು ನಂಬಿಕೆ ಹೆಚ್ಚು ಗಟ್ಟಿ, ಕೆಲವು ಕಡಿಮೆ ಗಟ್ಟಿ ಎಂದು ತೂಗುವ ಕೆಲಸ ಉಳಿಯುತ್ತದೆ. ಸಿಡುಬಿಗೆ ಲಸಿಕೆ ಹುಟ್ಟಿದ್ದು ಆ ತೂಕದಿಂದ. ಎಲ್ಲವನ್ನೂ ಒಂದೇ ಏಟಿಗೆ ಮಗುಚಿದವನು ಈ ಕೆಲಸದಿಂದ ತಪ್ಪಿಸಿಕೊಂಡ ಎಂದೇ ನನ್ನ ಅಭಿಪ್ರಾಯ.

ಹೊತ್ತು ಇಳಿಯುವ ಮೊದಲು ಇನ್ನೊಂದು ಮಾತು ಕೇಳದೆ ಇರಲಾಗಲಿಲ್ಲ. ಮುಂದಿನ ವಾರ ಅವರ ತಂದೆಯ ಶ್ರಾದ್ಧವಿತ್ತು. ಇಲ್ಲಿ ಇಟ್ಟ ಪಿಂಡ ಅಲ್ಲಿರುವವರಿಗೆ ಸೇರುವುದಾದರೆ ದಾರಿಹೋಕರಿಗೆ ಬುತ್ತಿ ಯಾಕೆ ಎಂಬುದು ಚಾರ್ವಾಕರ ಹಳೆಯ ಪ್ರಶ್ನೆ. ಅದನ್ನು ದಾಖಲಿಸಿದವನೂ ಮಾಧವನೇ. “ಮೇಷ್ಟ್ರೇ, ನಿಮ್ಮ ತಂದೆಗೆ ಸೇರುತ್ತೆ ಅಂತ ನಿಮಗೆ ಗೊತ್ತಾ?” ಎಂದೆ. ಕೇಳಿದ ಮೇಲೆ ಹೆಚ್ಚಾಯಿತೇನೋ ಎಂದು ಅಳುಕಿತು.

ಅವರು ಬೇಸರಪಟ್ಟುಕೊಳ್ಳಲಿಲ್ಲ. “ಶಾಸ್ತ್ರ ಹೇಳುತ್ತೆ, ನಂಬ್ತೀನಿ. ಗೊತ್ತು ಅಂತ ನಾನು ಹೇಳಲ್ಲಮ್ಮ. ಪ್ರತ್ಯಕ್ಷ ಅಲ್ಲದ್ದನ್ನ ಪ್ರತ್ಯಕ್ಷ ಅಂದರೆ ನಲವತ್ತು ವರ್ಷ ಪಾಠ ಹೇಳಿದ್ದು ದಂಡ” ಎಂದರು. ಸ್ವಲ್ಪ ತಡೆದು, “ಸೇರಲ್ಲ ಅಂತ ನಿಮಗೆ ಗೊತ್ತೋ?” ಎಂದು ನನ್ನನ್ನೇ ಕೇಳಿದರು. ಸೇರುವುದಿಲ್ಲವೆಂದೇ ನನಗನ್ನಿಸುತ್ತದೆ, ಅದಕ್ಕೆ ನನ್ನ ಕಾರಣಗಳೂ ಇವೆ, ಗೊತ್ತು ಎನ್ನಲಾರೆ ಎಂದೆ. ಕಾರಣಗಳನ್ನು ಒಂದೊಂದಾಗಿ ಹೇಳಿಸಿದರು. ಎರಡನ್ನು ಒಪ್ಪಿದರು, ಒಂದನ್ನು ಚೂರುಚೂರು ಮಾಡಿದರು. ಒಳಗಿಂದ ಅಮ್ಮನವರು ಕಾಫಿಗೆ ಎರಡು ಸಲ ಕೂಗಿದ್ದು ಇಬ್ಬರಿಗೂ ಕೇಳಿಸಿರಲಿಲ್ಲ.

ಜರ್ಮನಿಯಲ್ಲಿ ಕಲಿಸಿದ ವಿದ್ವಾಂಸ ಎಲಿ ಫ್ರಾಂಕೊ 1987ರಲ್ಲಿ ಜಯರಾಶಿಯ ಗ್ರಂಥದ ಮೊದಲರ್ಧವನ್ನು ಇಂಗ್ಲಿಷಿಗೆ ತಂದರು. ಪೂರ್ವಪಕ್ಷವನ್ನು ಗೌರವಿಸಿದ ವಿದ್ಯಾನಂದನ ನಾಡಿನಲ್ಲಿ, ಮಾಧವನ ನಾಡಿನಲ್ಲಿ, ಅದರ ಪ್ರತ್ಯಕ್ಷಖಂಡನದ ಭಾಗವಾದರೂ ತಿಳಿಗನ್ನಡದಲ್ಲಿ, ಟಿಪ್ಪಣಿಯೊಂದಿಗೆ ವಿದ್ಯಾರ್ಥಿಗಳ ಕೈಗೆ ಸಿಗಬೇಕು. ಸಂಸ್ಕೃತವೂ ಕನ್ನಡವೂ ಬಲ್ಲ ತರುಣರು ಯಾರಾದರೂ ಮುಂದೆ ಬಂದರೆ ಕೂತು ಪಾಠ ಹೇಳಲು ಮೇಷ್ಟ್ರು ಸಿದ್ಧರಿದ್ದಾರೆ. ಅವರಿಗೆ ವಯಸ್ಸಾಗಿದೆ, ಬರುವವರು ಬೇಗ ಬರಬೇಕು.