ಬೆಕ್ಕು ಕುಣಿದದ್ದು ಏಕೆ?

ಜಪಾನಿನ ಮಿನಮಾಟ ಮೀನುಗಾರರ ಊರು. 1950ರ ದಶಕದಲ್ಲಿ ಅಲ್ಲಿನ ಬೆಕ್ಕುಗಳು ತೂರಾಡತೊಡಗಿದವು. ಜೊಲ್ಲು ಸುರಿಸುತ್ತ ಬುಗುರಿಯಂತೆ ಸುತ್ತಿ ಗೋಡೆಗೆ ಡಿಕ್ಕಿ ಹೊಡೆದವು. ಕೆಲವು ಸಮುದ್ರಕ್ಕೇ ಬಿದ್ದವು. ಊರವರು ಅದನ್ನು ಬೆಕ್ಕಿನ ಕುಣಿತದ ರೋಗ ಎಂದರು. 1956ರ ಹೊತ್ತಿಗೆ ಮಕ್ಕಳೂ ಹಾಗೆಯೇ ತೂರಾಡುತ್ತ ಆಸ್ಪತ್ರೆ ಸೇರಿದರು.

ಊರಿನ ಚಿಸ್ಸೊ ರಾಸಾಯನಿಕ ಕಾರ್ಖಾನೆಯ ಆಸ್ಪತ್ರೆಯಲ್ಲಿ ಹಾಜಿಮೆ ಹೊಸೊಕಾವಾ ಎಂಬ ವೈದ್ಯರಿದ್ದರು. 1959ರಲ್ಲಿ ಅವರು ಕಾರ್ಖಾನೆಯ ಕೊಳಕು ನೀರನ್ನು ಆಹಾರಕ್ಕೆ ಬೆರೆಸಿ ಒಂದು ಬೆಕ್ಕಿಗೆ ತಿನ್ನಿಸುತ್ತ ಬಂದರು. ದಾಖಲೆಯಲ್ಲಿ ಅದು 400ನೇ ಬೆಕ್ಕು. ಅಕ್ಟೋಬರ್‌ನಲ್ಲಿ ಅದೂ ಕುಣಿಯಿತು. ನೀರಿನಲ್ಲಿದ್ದ ಪಾದರಸ ಮೆದುಳಿಗೆ ಇಳಿದಿತ್ತು; ಊರಿನವರಿಗೂ ಬೆಕ್ಕುಗಳಿಗೂ ಅದು ಕಡಲ ಮೀನಿನ ಮೂಲಕ ಬಂದಿತ್ತು.

ಹೊಸೊಕಾವಾ ನೋಡಿದ್ದು ನಡವಳಿಕೆಯನ್ನು. ರಾಸಾಯನಿಕಗಳ ಪರೀಕ್ಷೆ ಇಂದಿಗೂ ಅದನ್ನೇ ನೆಚ್ಚಿಕೊಂಡಿದೆ. ಸೂಕ್ಷ್ಮದರ್ಶಕದಲ್ಲಿ ನರಕೋಶಗಳು ನೆಟ್ಟಗೇ ಕಂಡರೂ ಅವುಗಳ ನಡುವಿನ ಸಂದೇಶ ಕೆಟ್ಟಿರಬಹುದು. ಆ ಕೆಡುಕು ಮೊದಲು ಗೊತ್ತಾಗುವುದು ನಡಿಗೆಯಲ್ಲಿ, ಹಿಡಿತದಲ್ಲಿ, ಬೆಚ್ಚುವಿಕೆಯಲ್ಲಿ. 1968ರಲ್ಲಿ ಸ್ಯಾಮ್ಯುಯೆಲ್ ಇರ್ವಿನ್ ಚುಂಡಿಲಿಯಷ್ಟು ಸಣ್ಣ ಪ್ರಾಣಿಯಲ್ಲೂ ಇದನ್ನೆಲ್ಲ ಕ್ರಮವಾಗಿ ನೋಡಿ ಅಂಕ ಹಾಕುವ ಪಟ್ಟಿ ಕೊಟ್ಟರು. 1997ರಲ್ಲಿ ಆರ್ಥಿಕ ಸಹಕಾರ ಸಂಘಟನೆ ಒಇಸಿಡಿ ಹೊರತಂದ 424ನೇ ಮಾರ್ಗಸೂಚಿ ಇಂಥ ತಪಾಸಣೆಯನ್ನು ನರವಿಷ ಪರೀಕ್ಷೆಯ ಭಾಗವಾಗಿಸಿತು.

ಪರೀಕ್ಷೆಗಳು ಕಾಣಲು ಮಕ್ಕಳಾಟದಂತಿವೆ. ಇಲಿಯನ್ನು ಕೈಗೆತ್ತಿಕೊಂಡರೆ ಕೊಸರುತ್ತದೆಯೆ? ತೆರೆದ ಪೆಟ್ಟಿಗೆಯಲ್ಲಿ ಬಿಟ್ಟರೆ ಎಷ್ಟು ಸಲ ಹಿಂಗಾಲ ಮೇಲೆ ನಿಲ್ಲುತ್ತದೆ? ಹಿಂದೆ ಟಕ್ಕೆಂದರೆ ಬೆಚ್ಚುತ್ತದೆಯೆ? ಇನ್ನೊಂದರಲ್ಲಿ ಹಿಂಗಾಲುಗಳಿಗೆ ಶಾಯಿ ಹಚ್ಚಿ, ಸುಮಾರು ಒಂದು ಅಡಿ ಎತ್ತರದಿಂದ ಕಾಗದದ ಮೇಲೆ ಬಿಡುತ್ತಾರೆ. ಎರಡು ಹೆಜ್ಜೆಗುರುತುಗಳ ನಡುವಿನ ಅಂತರವನ್ನು ಅಳೆಯುತ್ತಾರೆ. ಅಕ್ರಿಲಮೈಡ್ ತಿಂದ ಇಲಿಯ ಕಾಲುಗಳು ದಿನದಿಂದ ದಿನಕ್ಕೆ ಅಗಲವಾಗಿ ಬೀಳುತ್ತವೆ. ಕಾಲಿನವರೆಗೆ ಹೋಗುವ ಉದ್ದನೆಯ ನರಗಳು ತುದಿಯಿಂದ ಸಾಯುತ್ತ ಬಂದಿರುತ್ತವೆ.

ಒಂದೊಂದು ವಿಷಕ್ಕೂ ಒಂದೊಂದು ಚಹರೆ. ಆರ್ಗನೋಫಾಸ್ಫೇಟ್ ಕೀಟನಾಶಕ ಏರಿದರೆ ಜೊಲ್ಲು, ಕಣ್ಣೀರು, ಸೂಜಿಮೊನೆಯಂಥ ಕಣ್ಣಪಾಪೆ. ಸೊಳ್ಳೆ ಬತ್ತಿಯಲ್ಲಿರುವ ಅಲ್ಲೆಥ್ರಿನ್‌ನಂಥವು ಹೆಚ್ಚಾದರೆ ಮೈಯೆಲ್ಲ ನಡುಕ. ಹಾಗೆಂದು ಒಂದೇ ಲಕ್ಷಣ ನಂಬಿ ತೀರ್ಪು ಕೊಡುವಂತಿಲ್ಲ. ಕಾಯಿಲೆ ಬಿದ್ದ ಇಲಿಯೂ ಮೂಲೆ ಹಿಡಿದು ಕೂರುತ್ತದೆ. ಅದಕ್ಕೇ ಹತ್ತಾರು ಪರೀಕ್ಷೆ, ಜೊತೆಗೆ ತೂಕ, ಮೈಶಾಖದ ಲೆಕ್ಕ. ಈಗ ಮೊದಲ ಸುತ್ತಿನ ಜರಡಿಗೆ ಜೀಬ್ರಾಮೀನಿನ ಮರಿಗಳೂ ಬಂದಿವೆ: 96 ಗುಳಿಗಳ ತಟ್ಟೆಯಲ್ಲಿ ಗುಳಿಗೊಂದು ಮರಿ, ದೀಪ ಆರಿಸಿ, ಹಚ್ಚಿದಾಗ ಅವುಗಳ ಈಜಾಟವನ್ನು ಕ್ಯಾಮೆರಾ ಅಳೆಯುತ್ತದೆ.

ಇಲಿಗಳನ್ನು ನೋಡುವವರಿಗೆ ಒಂದು ಕಟ್ಟುನಿಟ್ಟು: ಯಾವುದಕ್ಕೆ ವಿಷ ಕೊಟ್ಟಿದೆ ಎಂಬುದು ಅವರಿಗೆ ತಿಳಿಯಕೂಡದು. ತಿಳಿದರೆ ಕಣ್ಣು ಬೇಕಾದ್ದನ್ನೇ ಕಾಣುತ್ತದೆ. ಮಿನಮಾಟದಲ್ಲಿ ಆದದ್ದು ಇದರ ತಲೆಕೆಳಗು. ಅಲ್ಲಿ ಕಂಡವರಿಗೆ ಹೇಳಲು ಬಿಡಲಿಲ್ಲ. ಕಂಪನಿ ಫಲಿತಾಂಶವನ್ನು ಮುಚ್ಚಿಟ್ಟಿತು. ಪಾದರಸದ ನೀರು 1968ರವರೆಗೆ ಕಡಲಿಗೆ ಹರಿಯಿತು. 1970ರಲ್ಲಿ, ಸಾಯುವ ಕೆಲವೇ ತಿಂಗಳ ಮೊದಲು, ಆಸ್ಪತ್ರೆಯ ಹಾಸಿಗೆಯಿಂದಲೇ ಹೊಸೊಕಾವಾ 400ನೇ ಬೆಕ್ಕಿನ ವಿಷಯವನ್ನು ನ್ಯಾಯಾಲಯಕ್ಕೆ ಹೇಳಿದರು.