ಸುಟ್ಟದ್ದು ಬಿಸಿಲೋ, ಗುಳಿಗೆಯೋ?



ಕಳೆದ ಮೇ ತಿಂಗಳಲ್ಲಿ ವಿಜಯಪುರದ ಕಡೆಯ ಹಿರಿಯರೊಬ್ಬರು ಮಗನ ಜೊತೆ ಬಂದರು. ಎದೆಬಡಿತ ಏರುಪೇರಾಗಿ ಸೋತುಹೋಗಿದ್ದರು. ಮಾರ್ಚ್‌ನಲ್ಲಿ ಸಿಂಹಗಡ ನೋಡಿ ಬಂದ ಸಂಜೆ ಮುಖ, ಮುಂಗೈ ಉರಿದು ಕಪ್ಪಾಗಿದ್ದವಂತೆ. "ಗುಳಿಗಿ ಉಷ್ಣ ಆತ್ರೀ, ಬಿಟ್ಟಬಿಟ್ಟೆ" ಎಂದರು. ಬಿಟ್ಟದ್ದು ಹೃದಯದ ಲಯ ಕಾಯುತ್ತಿದ್ದ ಅಮಿಯೊಡರೋನ್.

ಅವರ ಅನುಮಾನ ಸರಿ, ಬಿಟ್ಟದ್ದು ತಪ್ಪು. ಗುಳಿಗೆ ಬರೆದಾಗ ಬಿಸಿಲಿನ ಮಾತು ಹೇಳದಿದ್ದದ್ದು ನನ್ನ ತಪ್ಪು. ಅದಕ್ಕೇ ಈ ಬರಹ.

*ಏನಾಗುತ್ತದೆ?*
ಕೆಲವು ಔಷಧಿಗಳು ಚರ್ಮದಲ್ಲೂ ಸೇರಿಕೊಂಡಿರುತ್ತವೆ. ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿ, ಆ ಶಕ್ತಿಯಿಂದ ಸುತ್ತಲಿನ ಜೀವಕೋಶಗಳನ್ನು ಸುಡುತ್ತವೆ. ಹಣೆ, ಮೂಗು, ಕತ್ತು, ಮುಂಗೈ ಉರಿಯುತ್ತವೆ. ಗದ್ದದ ಕೆಳಗೆ, ವಾಚಿನ ಪಟ್ಟಿಯಡಿ ಏನೂ ಆಗಿರುವುದಿಲ್ಲ. ನಮ್ಮ ಬಣ್ಣದ ಚರ್ಮದಲ್ಲಿ ಕೆಂಪು ಕಾಣದೆ ಬರೀ ಉರಿ, ಕಪ್ಪು ಕಾಣಬಹುದು.

*ಯಾವ ಗುಳಿಗೆಗಳು?*
👉 ಅಮಿಯೊಡರೋನ್. ನಿಲ್ಲಿಸಿದರೂ ಪರಿಣಾಮ ತಿಂಗಳುಗಟ್ಟಲೆ ಉಳಿಯುತ್ತದೆ.
👉 ಬಿಪಿಯ ಹೈಡ್ರೋಕ್ಲೋರೋಥಯಾಜೈಡ್. ಹೆಸರಿನ ಕೊನೆಗೆ 'ಎಚ್' ಇರುವ ಎಷ್ಟೋ ಬಿಪಿ ಗುಳಿಗೆಗಳಲ್ಲಿ ಇದು ಬೆರೆತಿರುತ್ತದೆ.
👉 ಕಾಲುಬಾವಿಗೆ ಕೊಡುವ ಫ್ಯೂರೋಸಮೈಡ್.
👉 ಮೊಡವೆ, ಸೋಂಕಿಗೆ ಕೊಡುವ ಡಾಕ್ಸಿಸೈಕ್ಲಿನ್, ನೋವಿನ ನ್ಯಾಪ್ರೋಕ್ಸೆನ್.

ಎಲ್ಲರಿಗೂ ಹೀಗಾಗುವುದಿಲ್ಲ. ಹೆದರಬೇಡಿ.

*ಏನು ಮಾಡಬೇಕು?*
1. ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಚರ್ಮದ ಫೋಟೋ ತೆಗೆದು ವೈದ್ಯರಿಗೆ ತೋರಿಸಿ. ಔಷಧಿ ಬದಲಿಸಬಹುದೇ ಎಂದು ಅವರು ನೋಡುತ್ತಾರೆ.
2. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ನೇರ ಬಿಸಿಲು ಬೇಡ. ತುಂಬುತೋಳಿನ ದಪ್ಪ ಹತ್ತಿಬಟ್ಟೆ, ಛತ್ರಿ ಇರಲಿ. ಸ್ಕೂಟರ್ ಮೇಲೆ ಪುಣೆಯ ಹೆಣ್ಣುಮಕ್ಕಳು ಮುಖಕ್ಕೆ ಸುತ್ತುವ ಸ್ಕಾರ್ಫ್ ಗಂಡಸರಿಗೂ ಒಳ್ಳೆಯದೇ.
3. ಮೋಡವಿದ್ದರೂ, ಕಾರಿನ ಕಿಟಕಿ ಏರಿಸಿದ್ದರೂ ಈ ಕಿರಣಗಳು ಬರುತ್ತವೆ. ಪಾಲಖಿ ದರ್ಶನಕ್ಕೆ ಗಂಟೆಗಟ್ಟಲೆ ನಿಲ್ಲುವವರು ಇದನ್ನು ನೆನಪಿಡಿ.
4. ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ.
5. ಗುಳ್ಳೆ, ಜ್ವರ, ಬಾಯಿಹುಣ್ಣು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಆ ಹಿರಿಯರು ಈಗ ಗುಳಿಗೆ ತಪ್ಪಿಸುವುದಿಲ್ಲ, ಛತ್ರಿಯನ್ನೂ ಮರೆಯುವುದಿಲ್ಲ.

ಊರಿನಲ್ಲಿರುವ ಅಪ್ಪ-ಅಮ್ಮನಿಗೆ ಇವತ್ತೇ ಫೋನ್ ಮಾಡಿ, ಯಾವ ಗುಳಿಗೆ ತಗೊಳ್ತೀರಿ ಎಂದು ಹೆಸರು ಓದಿಸಿ ಕೇಳಿ. ಈ ಬರಹವನ್ನೂ ಕಳುಹಿಸಿ. 🙏

– ನಿಮ್ಮ ಹೃದಯದ ಡಾಕ್ಟರ್, ಎಂ.ಡಿ., ಪುಣೆ